ಮಾರಿಯೋ ಟ್ಯೂನ್ ಅಸಲಿಗೆ ಎಷ್ಟು ಸ್ಪೀಡು? ನಿಮ್ಮ ಫೇವರಿಟ್ ಟಿವಿ ಗೇಮ್ ಮ್ಯೂಸಿಕ್ ಯಾವ್ದು ಹೇಳಿ

ಸಾಲಗಾಮೆ_ರೋಡ್ (ಹಾಸನ)

ಎಲ್ರಿಗೂ ನಮಸ್ಕಾರ. ಹೋದ ವಾರ ನಮ್ಮನೇಲಿ ಅಪ್ಪ ಮಗಳಿಗೆ ಒಂದು ಜಗಳ ಆಯ್ತು, ಇನ್ನೂ ಮುಗ್ದಿಲ್ಲ, ಅದಕ್ಕೇ ಇಲ್ಲಿ ಹಾಕ್ತಿದೀನಿ. ಮಗಳು ಆರನೇ ಕ್ಲಾಸು, ಕೀಬೋರ್ಡ್ ಕಲೀತಿದಾಳೆ, ಯೂಟ್ಯೂಬ್ ನೋಡ್ಕೊಂಡು ಮಾರಿಯೋ ಟ್ಯೂನ್ ತಾನೇ ಕಲ್ತ್ಕೊಂಡ್ಲು. ಚೆನ್ನಾಗೇ ನುಡಿಸ್ತಾಳೆ, ಆದ್ರೆ ನಂಗೆ ಕೇಳಿದ ತಕ್ಷಣ ಏನೋ ಸರಿ ಇಲ್ಲ ಅನ್ನಿಸ್ತು, ಪುಟ್ಟೀ ಓಡಿಸ್ತಿದೀಯ ಕಣೇ ಸ್ವಲ್ಪ ನಿಧಾನಕ್ಕೆ ಹೋಗು ಅಂದೆ. ಅವ್ಳು ಮೊಬೈಲ್ ತಂದು ಒರಿಜಿನಲ್ ಹಾಕಿ ಕೇಳ್ಸಿದ್ಲು, ನೋಡಿದ್ರೆ ಅವ್ಳು ನುಡಿಸಿದ್ದೇ ಕರೆಕ್ಟು, "ಅಪ್ಪ ನಿಂಗೆ ಮರ್ತೋಗಿದೆ" ಅಂದ್ಲು.

ನಂಗೆ ಮರ್ತೋಗೋಕೆ ಸಾಧ್ಯನೇ ಇಲ್ಲ ಸ್ವಾಮಿ. 1996ರಲ್ಲಿ ಅಪ್ಪಾಜಿ ಬಿ.ಎಂ. ರೋಡಲ್ಲಿ ಒಂದು ಟಿವಿ ಗೇಮ್ ಸೆಟ್ ಕೊಡ್ಸಿದ್ರು, ಜೊತೆಗೆ 64 ಇನ್ 1 ಹಳದಿ ಕ್ಯಾಸೆಟ್ಟು. ಮೂರು ವರ್ಷ ಆ ಟ್ಯೂನ್ ಕೇಳ್ಕೊಂಡೇ ಹೋಮ್‌ವರ್ಕ್ ಮಾಡಿದೀನಿ, ಅಮ್ಮ ಅಡಿಗೆಮನೇಲಿ ಅದನ್ನೇ ಗುನುಗ್ತಿದ್ರು. ನನ್ನ ತಲೇಲಿರೋದು ಇನ್ನೂ ನಿಧಾನ, ಇನ್ನೂ ಆರಾಮ, ಒಂಥರಾ ಸಂಜೆ ವಾಕಿಂಗ್ ಹೋಗೋ ಥರ ಇದೆ. ನನ್ನ ಒಬ್ಬನಿಗೇ ಹಿಂಗಾ, ಅಥ್ವಾ ನಿಮಗೂ ಹಿಂಗೇ ನೆನಪಿದೆಯಾ? ಹಂಗೇ ನಿಮ್ಮ ಫೇವರಿಟ್ ಟ್ಯೂನ್ ಯಾವ್ದು ಅಂತಾನೂ ಬರೀರಿ, ಮಗಳಿಗೆ ಮುಂದಿಂದು ಕಲ್ಸೋಣ ಅಂತ ಇದೀನಿ.

ಮೂಡಿಗೆರೆ_ಮಳೆ (ಚಿಕ್ಕಮಗಳೂರು ಜಿಲ್ಲೆ)

ಸ್ಪೀಡಿನ್ ವಿಷ್ಯ ಗೊತ್ತಿಲ್ಲ ಮಾರಾಯ್ರೆ, ಆದ್ರೆ ಫೇವರಿಟ್ ಕೇಳಿದ್ರೆ ಕಣ್ಣು ಮುಚ್ಕೊಂಡು ಹೇಳ್ತೀನಿ ಕಾಂಟ್ರಾ, ಅದ್ರಲ್ಲೂ ಫಸ್ಟ್ ಸ್ಟೇಜ್ ಕಾಡಿನ ಮ್ಯೂಸಿಕ್. ಜುಲೈ ತಿಂಗಳಲ್ಲಿ ನಮ್ಮ ಕಡೆ ಮಳೆ ಹಿಡೀತು ಅಂದ್ರೆ ಸ್ಕೂಲಿಗೆ ರಜಾ ಕೊಡ್ತಾರೆ, ಹೊರ್ಗಡೆ ಹೋಗೋಕಾಗಲ್ಲ, ಚಿಕ್ಕಪ್ಪನ ಮಗ ನಾನು ಇಬ್ರೂ ಕಂಬ್ಳಿ ಹೊದ್ಕೊಂಡು ಕೂತು ಎರಡು ಕಂಟ್ರೋಲರ್ ಹಿಡ್ಕೊಂಡು ಆಡೋದು, ಹೆಂಚಿನ ಮೇಲೆ ಮಳೆ ಸದ್ದಿಗೆ ಟಿವಿ ಸೌಂಡೇ ಕೇಳಲ್ಲ, ಫುಲ್ ವಾಲ್ಯೂಮ್ ಇಟ್ರೆ ಅಜ್ಜಿ ಬೈಯೋದು. ಆ ಮ್ಯೂಸಿಕ್ ಶುರುವಾದ್ರೆ ಕೈ ತಾನಾಗೇ ಓಡುತ್ತೆ, ಎದೆ ಡವಡವ ಅನ್ನುತ್ತೆ. ಮೂರನೇ ಸ್ಟೇಜ್ ಜಲಪಾತ ಹತ್ತೋದಂತೂ ನಮ್ಮ ಊರ ಮಳೇಲೇ ಆಡಿದ ಹಾಗಿರ್ತಿತ್ತು. ಎಷ್ಟೋ ಸಲ ಬಾಸ್ ಹತ್ರ ಬರೋವಷ್ಟರಲ್ಲಿ ಕರೆಂಟ್ ಹೋಗೋದು, ಕತ್ಲೆಲಿ ಕೂತ್ಕೊಂಡು ಇಬ್ರೂ ಆ ಟ್ಯೂನ್ ಬಾಯಲ್ಲೇ ಮುಂದುವರ್ಸ್ತಿದ್ವಿ. ಕರೆಂಟ್ ಬಂದ ಮೇಲೆ ಮತ್ತೆ ಮೊದ್ಲಿಂದ.

ಮಗಳಿಗೆ ಅದನ್ನ ಕಲ್ಸಿ ಅಣ್ಣ, ಆದ್ರೆ ಎಡಗೈ ಕಷ್ಟ ಇದೆ.

ಅರಸೀಕೆರೆ_ಜಂಕ್ಷನ್

ಸಾಲಗಾಮೆ ಅಣ್ಣಂಗೆ, ನೀವೂ ಸರಿ ನಿಮ್ಮ ಮಗಳೂ ಸರಿ. ನಮ್ಮಪ್ಪಂದು ಟಿವಿ ರಿಪೇರಿ ಅಂಗಡಿ ಇತ್ತು, ಈ ಸೆಟ್‌ಗಳನ್ನ ಬಿಚ್ಚಿ ಬಿಚ್ಚಿ ಬೆಳ್ದಿರೋನು ನಾನು, ಸ್ವಲ್ಪ ಉದ್ದಕ್ಕೆ ಬರೀತೀನಿ ಓದ್ಕೊಳ್ಳಿ.

ನಾವು ಆಡಿದ್ದು ಅಸಲಿ ನಿಂಟೆಂಡೋ ಅಲ್ಲ. ಜಪಾನಲ್ಲಿ 1983ರಲ್ಲಿ ನಿಂಟೆಂಡೋದವ್ರದ್ದು ಫ್ಯಾಮಿಕಾಮ್ ಅಂತ ಬಂತಲ್ಲ, ಅದ್ರ ಕಾಪಿ ಸೆಟ್‌ಗಳು ನಮ್ಮ ಊರಿಗೆ ಬಂದಿದ್ದು. ಜಪಾನ್ ಅಮೆರಿಕಾದಲ್ಲಿ ಟಿವಿ ಸೆಕೆಂಡಿಗೆ 60 ಸಲ ಪಿಕ್ಚರ್ ಬದಲಾಯಿಸುತ್ತೆ, ನಮ್ಮ ದೇಶದ್ದು ಪಾಲ್ ಸಿಸ್ಟಮ್, 50 ಸಲ. ಆ ಕಾಲದ ಗೇಮಲ್ಲಿ ಮ್ಯೂಸಿಕ್ಕಿಗೆ ಬೇರೆ ಗಡಿಯಾರ ಇರ್ತಿರ್ಲಿಲ್ಲ, ಪ್ರತಿ ಪಿಕ್ಚರ್ ಬದಲಾದಾಗ ಒಂದು ಹೆಜ್ಜೆ ಮುಂದೆ ಹೋಗು ಅಂತ ಪ್ರೋಗ್ರಾಮ್ ಬರೆದಿರ್ತಿದ್ರು. 60ಕ್ಕೆ ಅಂತ ಬರೆದಿದ್ದನ್ನ 50ರಲ್ಲಿ ಓಡ್ಸಿದ್ರೆ ಏನಾಗುತ್ತೆ, ಜಪಾನಲ್ಲಿ ಒಂದು ನಿಮಿಷ ಹಿಡಿಯೋ ಟ್ಯೂನು ಅರಸೀಕೆರೇಲಿ 72 ಸೆಕೆಂಡ್ ಹಿಡಿಯುತ್ತೆ. ಮ್ಯೂಸಿಕ್ ಒಂದೇ ಅಲ್ಲ, ಮಾರಿಯೋ ಓಡೋದೂ ಅಷ್ಟೇ ನಿಧಾನ ಆಗುತ್ತೆ, ಎಲ್ಲಾ ಒಟ್ಟಿಗೆ ನಿಧಾನ ಆಗಿದ್ರಿಂದ ಯಾರಿಗೂ ಗೊತ್ತಾಗ್ಲಿಲ್ಲ.

ಇನ್ನೊಂದಿದೆ. ಫ್ಯಾಮಿಕಾಮ್ ಚಿಪ್ಪಲ್ಲಿ ಒಟ್ಟು ಐದು ಚಾನೆಲ್. ಎರಡು ಪಲ್ಸ್, ಅದ್ರಲ್ಲೇ ಸಾಮಾನ್ಯವಾಗಿ ಮೇನ್ ಟ್ಯೂನು ಅದ್ರ ಜೊತೆ ದನಿ ಬರೋದು. ಒಂದು ಟ್ರಯಾಂಗಲ್, ಅದು ಬೇಸ್‌ಗೆ, ಅಂದ್ರೆ ಕೆಳಗಿನ ದಪ್ಪ ದನಿಗೆ, ಅದ್ರ ವಾಲ್ಯೂಮ್ ಕಮ್ಮಿ ಜಾಸ್ತಿ ಮಾಡೋಕೇ ಬರಲ್ಲ, ಇದ್ರೆ ಇದೆ ಇಲ್ಲಾಂದ್ರೆ ಇಲ್ಲ. ಒಂದು ನಾಯ್ಸ್, ಬುಸ್ ಬುಸ್ ಅಂತ ತಾಳ ಹಾಕೋದು. ಐದನೇದು ಚಿಕ್ಕ ಚಿಕ್ಕ ರೆಕಾರ್ಡಿಂಗ್ ತುಂಡು ನುಡಿಸೋದು. ಪಲ್ಸ್ ಚಾನೆಲ್ಲಿಗೆ ದನಿ ಬದಲಾಯಿಸೋ ಸೆಟ್ಟಿಂಗ್ ಇರುತ್ತೆ, ಒಂದ್ರಲ್ಲಿ ತೆಳ್ಳಗೆ ಮೂಗಿನಲ್ಲಿ ಹಾಡಿದಂಗೆ, ಇನ್ನೊಂದ್ರಲ್ಲಿ ದುಂಡಗೆ ಕ್ಲಾರಿನೆಟ್ ಥರ. ಕೆಲವು ಕಾಪಿ ಚಿಪ್‌ಗಳಲ್ಲಿ ಈ ಎರಡು ಸೆಟ್ಟಿಂಗ್ ಅದಲು ಬದಲು ಆಗ್ಬಿಟ್ಟಿತ್ತು. ಅಂದ್ರೆ ತೆಳ್ಳಗೆ ಬರಬೇಕಾದ್ದು ದುಂಡಗೆ, ದುಂಡಗೆ ಬರಬೇಕಾದ್ದು ತೆಳ್ಳಗೆ. ಯೂಟ್ಯೂಬಲ್ಲಿ ಒರಿಜಿನಲ್ ಕೇಳಿದಾಗ "ಇದು ಅದಲ್ಲ" ಅಂತ ಅನ್ನಿಸೋಕೆ ಇದೂ ಒಂದು ಕಾರಣ ಇರ್ಬೋದು.

ಸಾಲಗಾಮೆ_ರೋಡ್ (ಹಾಸನ)

ಗುರುವೇ ಏನ್ ಹೇಳ್ಬಿಟ್ರಿ!! ಓದಿ ಮೈ ಜುಮ್ಮಂತು. ಮಗಳಿಗೆ ತೋರ್ಸ್ದೆ, ಅವ್ಳು ಕೀಬೋರ್ಡಲ್ಲಿ ಟೆಂಪೋ ಕಮ್ಮಿ ಮಾಡಿ ನುಡಿಸಿದ್ಲು, ನಿಮಿಷಕ್ಕೆ 200 ಬೀಟ್ ಇದ್ದಿದ್ದನ್ನ 167ಕ್ಕೆ ಇಳ್ಸಿದ್ಲು, ಅಷ್ಟೇ, ಅದೇ ನಮ್ಮನೆ ಟ್ಯೂನು, ಅದೇ ಸಂಜೆ. ಅಮ್ಮ ಒಳಗಿಂದ "ಇದ್ಯಾಕೋ ನಿಂದು ಹಳೇ ಗೇಮಿಂದು ಅಲ್ವೇನೋ" ಅಂತ ಕೇಳಿದ್ರು. ಇಪ್ಪತ್ತೈದು ವರ್ಷದ ಮೇಲೆ. ನಂಗೆ ಮಾತೇ ಬರ್ಲಿಲ್ಲ.

ಒಂದು ಡೌಟು, ಟೇಪ್ ರೆಕಾರ್ಡರಲ್ಲಿ ಬ್ಯಾಟರಿ ಇಳ್ದಾಗ ಹಾಡು ನಿಧಾನ ಆಗೋ ಜೊತೆ ಗಂಡಸಿನ ದನಿ ಥರ ದಪ್ಪ ಆಗ್ತಿತ್ತಲ್ಲ, ಇದು ಹಂಗೆ ಯಾಕೆ ಆಗಿಲ್ಲ?

ಅರಸೀಕೆರೆ_ಜಂಕ್ಷನ್

ಒಳ್ಳೆ ಪ್ರಶ್ನೆ ಅಣ್ಣ. ಟೇಪಲ್ಲಿ ರೀಲೇ ನಿಧಾನ ಓಡುತ್ತೆ, ಅದಕ್ಕೆ ಎಲ್ಲಾ ಇಳಿಯುತ್ತೆ. ಇಲ್ಲಿ ದನಿ ಹುಟ್ಟೋದು ಚಿಪ್ಪಿನ ಕ್ಲಾಕಿಂದ, ಅದು ಜಪಾನ್ ಮಷೀನಲ್ಲಿ ಸುಮಾರು 1.79 ಮೆಗಾಹರ್ಟ್ಸ್, ಈ ಥರದ ಕಾಪಿ ಸೆಟ್ಟಲ್ಲಿ ಸುಮಾರು 1.77, ವ್ಯತ್ಯಾಸ ನೂರಕ್ಕೆ ಒಂದು. ಕಿವಿಗೆ ಗೊತ್ತೇ ಆಗಲ್ಲ. ಮುಂದಿನ ಸ್ವರಕ್ಕೆ ಯಾವಾಗ ಹೋಗ್ಬೇಕು ಅನ್ನೋದು ಮಾತ್ರ ಟಿವಿ ಪಿಕ್ಚರ್ ಲೆಕ್ಕದ ಮೇಲೆ.

ವೀಣಾ_ಅರಕಲಗೂಡು

ಅಂದ್ರೆ ಶ್ರುತಿ ಅಲ್ಲೇ ಇದೆ, ಕಾಲಪ್ರಮಾಣ ಮಾತ್ರ ಇಳ್ದಿದೆ ಅಂತಾಯ್ತು! ನಾನು ಸಂಗೀತ ಪಾಠ ಹೇಳೋಳು, ರುದ್ರಪಟ್ಟಣ ನಮ್ಮ ತಾಲೂಕೇ, ಚಿಕ್ಕಂದಿನಿಂದ ಅಲ್ಲಿ ಕಾವೇರಿ ದಡದ ಸಂಗೀತೋತ್ಸವಕ್ಕೆ ಹೋಗಿ ಕೂತು ಕೇಳ್ದೋಳು. ಆದ್ರೆ ಅಣ್ಣನ ಟಿವಿ ಗೇಮು ನಮ್ಮನೇಲೂ ಇತ್ತು, ಅದ್ರ ಸಂಗೀತಾನ ನಾನು ಯಾವತ್ತೂ ಕಡಿಮೆ ಅಂತ ನೋಡ್ಲಿಲ್ಲ. ಅದಕ್ಕೆ ಈ ಥ್ರೆಡ್ಡಲ್ಲಿ ನಾನೂ ಬರೀಲೇಬೇಕು.

ಮಾರಿಯೋ ಸಂಗೀತ ಮಾಡಿದ್ದು ಕೋಜಿ ಕೊಂಡೊ ಅನ್ನೋರು, 1985ರ ಗೇಮು. ಎಲ್ರೂ ಮೇಲಿನ ಟ್ಯೂನ್ ಹೊಗಳ್ತಾರೆ, ನಂಗೆ ಇಷ್ಟ ನೆಲದಡೀದು ಮತ್ತೆ ನೀರೊಳಗಿಂದು. ನೆಲದಡೀದು ಕೇಳಿ ನೋಡಿ, ಒಂದು ಸ್ವರ ಹಿಡೀತಾರೆ, ತಕ್ಷಣ ಅದೇ ಸ್ವರ ಇನ್ನೊಂದು ಸ್ಥಾಯೀಲಿ, ಹಂಗೆ ಮೂರು ಜೋಡಿ, ಆಮೇಲೆ ಸುಮ್ನಾಗ್ಬಿಡ್ತಾರೆ. ಆ ಸುಮ್ನಿರೋ ಜಾಗದಲ್ಲೇ ಹೆದ್ರಿಕೆ ಇರೋದು. ಪೈಪೊಳಗೆ ಇಳಿದಾಗ ತಣ್ಣಗಾಯ್ತು ಅಂತ ಅನ್ನಿಸುತ್ತಲ್ಲ ಅದು ಚಿತ್ರದಿಂದ ಅಲ್ಲ, ಆ ಮೌನದಿಂದ. ನಾನು ಮಕ್ಕಳಿಗೆ ಕಾರ್ವೆ, ಅಂದ್ರೆ ಸ್ವರದ ನಡುವೆ ಜಾಗ, ಬಿಡೋದು ಹೇಳ್ಕೊಡ್ವಾಗ ಇದನ್ನೇ ಹಾಡಿ ತೋರಿಸ್ತೀನಿ, ತಕ್ಷಣ ಅರ್ಥ ಆಗುತ್ತೆ ಅವಕ್ಕೆ. ನೀರೊಳಗಿಂದು ಮೂರು ಮೂರು ಎಣಿಕೆ, ಅವರ ವಾಲ್ಟ್ಜ್, ನಮ್ಮ ತಿಶ್ರದ ಹಾಗೆ, ಮಾರಿಯೋ ಕೈ ಬಡಿಯೋದಕ್ಕೂ ಅದು ತೂಗೋದಕ್ಕೂ ಎಂಥಾ ಹೊಂದಾಣಿಕೆ ಅಂತೀರಿ.

ಇನ್ನೊಂದು ಗಮನಿಸಿ, ಮಾರಿಯೋ ಹಾರಿದಾಗ ಕಾಯಿನ್ ತಗೊಂಡಾಗ ಆ ಸದ್ದಿಗೆ ಬೇರೆ ಚಾನೆಲ್ ಇಲ್ಲ, ಸಂಗೀತದ ಒಂದು ದನಿಯನ್ನೇ ಕ್ಷಣ ಹೊತ್ತು ಕಿತ್ಕೊಂಡು ಅದು ನುಡಿಯುತ್ತೆ. ಅದಕ್ಕೇ ಆಡೋರು ಆಡ್ದಂಗೆ ಪ್ರತಿ ಸಲ ಸಂಗೀತ ಸ್ವಲ್ಪ ಬೇರೆ ಥರ ಕೇಳುತ್ತೆ. ಸಾಲಗಾಮೆ ಅಣ್ಣ, ನಿಮ್ಮ ಅಮ್ಮ ಅಡಿಗೆಮನೇಲಿ ಕೇಳಿದ್ದು ಕೊಂಡೊ ಅವರದ್ದು ಮಾತ್ರ ಅಲ್ಲ, ನೀವು ಹಾರಿದ್ದೂ ಅದ್ರೊಳಗೆ ಸೇರಿದೆ.

ಬೇಲೂರು_ಹುಡ್ಗ

ಅಕ್ಕ ಸೂಪರ್ ಬರ್ದಿದೀರ. ನಂದೊಂದು ಹೆಲ್ಪ್ ಮಾಡಿ ಯಾರಾದ್ರೂ, ಎಷ್ಟೋ ವರ್ಷದಿಂದ ಒಂದು ಟ್ಯೂನ್ ಹುಡುಕ್ತಿದೀನಿ. ಗೇಮಲ್ಲಿ ಒಂದು ಪೆಂಗ್ವಿನ್, ಐಸ್ ಮೇಲೆ ಓಡ್ತಾ ಇರುತ್ತೆ, ನಮಗೆ ಬೆನ್ನು ಮಾಡ್ಕೊಂಡು, ಹಳ್ಳ ಬರುತ್ತೆ ಹಾರ್ಬೇಕು, ಮೀನು ಹಿಡೀಬೇಕು, ಕೊನೇಲಿ ಒಂದು ಬಾವುಟ ಇರೋ ಮನೆ. ಅದ್ರ ಮ್ಯೂಸಿಕ್ ಎಷ್ಟ್ ಚೆನ್ನಾಗಿತ್ತು ಅಂದ್ರೆ ನಮ್ಮ ಅಕ್ಕ ಗೇಮ್ ಆಡದೆ ಸುಮ್ನೆ ಪೆಂಗ್ವಿನ್ ನಿಲ್ಸ್ಕೊಂಡು ಅದನ್ನೇ ಕೇಳ್ತಿದ್ಲು. ಅವ್ಳ ಮದ್ವೆ ಆಗಿ ಈಗ ದೂರ ಇದಾಳೆ, ಸಿಕ್ರೆ ಕಳ್ಸ್ಬೇಕು.

ಅರಸೀಕೆರೆ_ಜಂಕ್ಷನ್

ಅಂಟಾರ್ಕ್ಟಿಕ್ ಅಡ್ವೆಂಚರ್ ತಮ್ಮ, ಕೊನಾಮಿ ಕಂಪ್ನೀದು. ಆ ಟ್ಯೂನ್ ಗೇಮಿಗೆ ಅಂತ ಮಾಡಿದ್ದೇ ಅಲ್ಲ, ಎಮಿಲ್ ವಾಲ್ಡ್‌ಟೈಫೆಲ್ ಅಂತ ಫ್ರಾನ್ಸಿನೋರು 1882ರಲ್ಲಿ ಮಾಡಿದ ವಾಲ್ಟ್ಜ್, ಹೆಸ್ರು ಸ್ಕೇಟರ್ಸ್ ವಾಲ್ಟ್ಜ್, ಐಸ್ ಮೇಲೆ ಜಾರೋರ ಮೇಲೇ ಮಾಡಿರೋದು. ಆ ಹೆಸ್ರಲ್ಲಿ ಹುಡುಕು, ದೊಡ್ಡ ಆರ್ಕೆಸ್ಟ್ರಾ ನುಡಿಸಿರೋದೇ ಸಿಗುತ್ತೆ.

ಬೇಲೂರು_ಹುಡ್ಗ

ಅಣ್ಣಾ ಸಿಕ್ತು ಸಿಕ್ತು ಅದೇ!!! ಅಕ್ಕಂಗೆ ಕಳ್ಸ್ದೆ, ಫೋನ್ ಮಾಡಿ ಅತ್ಬಿಟ್ಲು. ತುಂಬಾ ಥ್ಯಾಂಕ್ಸ್ ಅಣ್ಣ. 140 ವರ್ಷದ ಹಿಂದಿನ ಟ್ಯೂನು ನಮ್ಮ ಬೇಲೂರು ಮನೆಗೆ ಪೆಂಗ್ವಿನ್ ಜೊತೆ ಬಂದಿತ್ತು ಅಂತ ನೆನೆಸ್ಕೊಂಡ್ರೆ ಒಂಥರಾ ಆಗುತ್ತೆ.

ವೀಣಾ_ಅರಕಲಗೂಡು

ಹಂಗೇ ಬಂದಿದ್ದು ಇನ್ನೊಂದಿದೆ. ಗೇಮ್ ಬಾಯ್ ಟೆಟ್ರಿಸ್ 1989ರದ್ದು, ಅದ್ರ ಎ ಟ್ಯೂನು ಕೊರೊಬೇನಿಕಿ ಅಂತ ರಷ್ಯಾದ ಜನಪದ ಹಾಡು, ಊರೂರು ತಿರುಗಿ ಸಾಮಾನು ಮಾರೋ ವ್ಯಾಪಾರಿ ಬಗ್ಗೆ ನೆಕ್ರಾಸೊವ್ ಅನ್ನೋ ಕವಿ 1861ರಲ್ಲಿ ಬರೆದಿದ್ದು. ಅದನ್ನ ಆ ಪುಟ್ಟ ಮಷೀನಿಗೆ ಹೊಂದಿಸಿದ್ದು ಹಿರೊಕಾಜು ತನಾಕ. ಸಿ ಟ್ಯೂನ್ ಅಂತೂ ಬಾಖ್ ಅವರದ್ದು. ಕೊರೊಬೇನಿಕಿ ಮೊದಲ ಭಾಗದ ಸ್ವರ ಹಿಡಿದು ನೋಡಿದ್ರೆ ನಟಭೈರವಿ ಮೇಳದ ಸ್ವರಗಳಿಗೆ ಹೊಂದುತ್ತೆ, ಎರಡನೇ ಭಾಗದಲ್ಲಿ ಕೈಶಿಕಿ ನಿಷಾದದ ಬದಲು ಅದಕ್ಕಿಂತ ಸ್ವಲ್ಪ ಮೇಲಿನ ಕಾಕಲಿ ನಿಷಾದ ಬರುತ್ತೆ. ರಾಗ ಅಂತ ಹೇಳ್ತಿಲ್ಲ, ಗಮಕ ಇಲ್ಲದೆ ರಾಗ ಆಗಲ್ಲ, ಸ್ವರ ಹೊಂದುತ್ತೆ ಅಷ್ಟೇ. ಆದ್ರೆ ನನ್ನ ವೀಣೇಲಿ ನುಡಿಸಿದಾಗ ಪಾಠಕ್ಕೆ ಬಂದಿದ್ದ ಮಕ್ಕಳೆಲ್ಲಾ ಒಟ್ಟಿಗೆ ತಲೆ ಎತ್ತಿ ನೋಡಿದ್ವು.

ಸಕಲೇಶಪುರ_ಘಾಟ್

ಎಲ್ಲಾ ಸರಿ, ಆದ್ರೆ ಸೆಗಾ ಬಗ್ಗೆ ಒಬ್ರೂ ಮಾತಾಡ್ತಿಲ್ವಲ್ಲ, ಇದು ನಂಗೆ ನಿಜವಾಗ್ಲೂ ಬೇಜಾರು. ನಮ್ಮ ಮಾವ ಮಸ್ಕತ್ತಲ್ಲಿದ್ರು, 97ರಲ್ಲಿ ರಜೆಗೆ ಬಂದಾಗ ಸೆಗಾ ಕಂಪ್ನಿ ಮೆಗಾ ಡ್ರೈವ್ ಸೆಟ್ ತಂದಿದ್ರು. ಅದ್ರದ್ದು ಬೇರೆ ಥರ ಚಿಪ್ಪು, ಯಮಹಾದು, ಆರು ಎಫ್‌ಎಂ ಚಾನೆಲ್ಲು (ರೇಡಿಯೋ ಅಲ್ಲ, ಒಂದು ಅಲೆಯಿಂದ ಇನ್ನೊಂದನ್ನ ಅಲುಗಿಸಿ ದನಿ ಹುಟ್ಟಿಸೋ ರೀತಿ), ಜೊತೆಗೆ ಹಳೇ ಥರದ ಚಿಪ್ ಇನ್ನೊಂದು. ಫ್ಯಾಮಿಕಾಮ್ ಸೌಂಡ್ ಕೊಳಲು ಥರ ಅಂದ್ರೆ ಇದು ತಗಡು, ಗಿಟಾರ್, ಗಂಟೆ ಎಲ್ಲಾ ಸೇರಿ ಗುದ್ದುತ್ತೆ. ಸ್ಟ್ರೀಟ್ಸ್ ಆಫ್ ರೇಜ್ 2, 1992, ಯೂಜೊ ಕೊಶಿರೊ. ಆ ಕಾಲದ ಡ್ಯಾನ್ಸ್ ಕ್ಲಬ್ ಮ್ಯೂಸಿಕ್ ಕೇಳಿ ಅದನ್ನ ಕಂಪ್ಯೂಟರಲ್ಲಿ ಪ್ರೋಗ್ರಾಮ್ ಥರ ಟೈಪ್ ಮಾಡಿ ಮಾಡಿರೋದು. ಫಸ್ಟ್ ಸ್ಟೇಜ್ ಶುರುವಾಗುತ್ತೆ, ರಾತ್ರಿ ರೋಡು, ಲೈಟು, ಬೇಸ್ ಬರುತ್ತೆ... ಘಾಟಿಯಲ್ಲಿ ರಾತ್ರಿ ಬಸ್ಸಲ್ಲಿ ಬರ್ತಾ ಇವತ್ತಿಗೂ ಇಯರ್‌ಫೋನ್ ಹಾಕ್ಕೊಂಡು ಅದನ್ನೇ ಕೇಳ್ತೀನಿ, ಮಂಜಲ್ಲಿ ಎದುರು ಲಾರಿ ಲೈಟ್ ಬರೋದಕ್ಕೂ ಅದಕ್ಕೂ ಏನೋ ನಂಟಿದೆ. ಸೋನಿಕ್ 1991ರದ್ದೂ ಅಷ್ಟೇ, ಮಸಾಟೊ ನಕಮುರಾ, ಜಪಾನಿನ ದೊಡ್ಡ ಬ್ಯಾಂಡಿನವ್ರು ಮಾಡಿದ್ದು. ಮಾರಿಯೋ ಟ್ಯೂನು ಒಳ್ಳೇದೇ, ಆದ್ರೆ ಅದೊಂದೇ ಸಂಗೀತ ಅಂತ ಮಾತಾಡೋದು ಸರಿ ಅಲ್ಲ.

ಮೂಡಿಗೆರೆ_ಮಳೆ (ಚಿಕ್ಕಮಗಳೂರು ಜಿಲ್ಲೆ)

ಘಾಟ್ ಅಣ್ಣ ನಿಮ್ಮ ಮಾತು ಒಪ್ತೀನಿ, ಆದ್ರೆ ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಮನೇಲಿ ಇದ್ದಿದ್ದು ಆ ಕಾಪಿ ಸೆಟ್ಟೇ ಅಲ್ವಾ. ಸೆಗಾ ಇದ್ದೋರ ಮನೆಗೆ ನಾವು ಕಿಟಕೀಲಿ ನೋಡೋಕೆ ಹೋಗ್ತಿದ್ವಿ. ಇವತ್ತು ನೀವು ಹೇಳಿದ್ದನ್ನ ಕೇಳ್ದೆ, ಮೊದಲನೇ ಸಲ. ಬೇಸ್ ನಿಜಕ್ಕೂ ಭಾರಿ ಇದೆ, ರಾತ್ರಿ ಇನ್ನೊಂದ್ಸಲ ಕೇಳ್ತೀನಿ.

ಟ್ಯಾಂಕ್_1985 (ಹೊಳೆನರಸೀಪುರ)

ನನ್ನ ಓಟು ಬ್ಯಾಟಲ್ ಸಿಟಿಗೆ, ನಮ್ಮ ಟ್ಯಾಂಕ್ ಗೇಮಿಗೆ. ಶುರುವಲ್ಲಿ ಬರೋ ಆ ಪುಟ್ಟ ಟ್ಯೂನು ಅಷ್ಟೇ, ಅದಾದ್ಮೇಲೆ ಗೇಮ್ ಪೂರ್ತಿ ಮ್ಯೂಸಿಕ್ಕೇ ಇಲ್ಲ, ಬರೀ ಇಂಜಿನ್ ಗುರ್ ಅನ್ನೋದು ಇಟ್ಟಿಗೆ ಒಡೆಯೋದು. ಆದ್ರೆ ಆ ನಾಲ್ಕು ಸೆಕೆಂಡ್ ಕೇಳಿದ್ರೆ ಪಕ್ಕದಲ್ಲಿ ತಮ್ಮ ಕೂತಿದಾನೆ ಅನ್ಸುತ್ತೆ. ಶತ್ರು ಟ್ಯಾಂಕ್ ಒಡೀದಂಗೆ ನಮ್ಮ ಹದ್ದಿನ ಗುರುತು ಕಾಯೋದು ಅವ್ನ ಕೆಲ್ಸ, ಮುಂದೆ ಹೋಗೋದು ನಂದು. ಈಗ ಅವ್ನು ಇಲ್ಲ. ಅದಕ್ಕಿಂತ ಹೆಚ್ಚು ಬರೆಯೋಕೆ ಆಗಲ್ಲ.

ಸಾಲಗಾಮೆ_ರೋಡ್ (ಹಾಸನ)

ಟ್ಯಾಂಕ್ ಅಣ್ಣ, ಓದಿ ಸುಮ್ನೆ ಕೂತ್ಬಿಟ್ಟೆ. ಹಾಸನಕ್ಕೆ ಬಂದಾಗ ಮನೆಗೆ ಬನ್ನಿ, ಇಬ್ರೂ ಕೂತು ಆಡೋಣ, ಹದ್ದು ನಾನು ಕಾಯ್ತೀನಿ.

ಗಿರಿ_ಸಾಲು (ಚಿಕ್ಕಮಗಳೂರು)

ನಾನು ನಿಮಗಿಂತ ಚಿಕ್ಕೋನು ಅಣ್ಣಂದಿರೇ, ಸೆಟ್ ನೋಡಿದ್ದೇ ಕಮ್ಮಿ, ಐ.ಜಿ. ರೋಡ್ ಹತ್ರ ಬ್ರೌಸಿಂಗ್ ಸೆಂಟರಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು ಎಮ್ಯುಲೇಟರಲ್ಲಿ, ಅಂದ್ರೆ ಹಳೇ ಸೆಟ್ ಥರ ನಡ್ಕೊಳ್ಳೋ ಕಂಪ್ಯೂಟರ್ ಪ್ರೋಗ್ರಾಮಲ್ಲಿ, ಆಡಿದ್ದು. ನನ್ನ ಟ್ಯೂನು ಡಾಂಕಿ ಕಾಂಗ್ ಕಂಟ್ರಿ, 1994, ಸೂಪರ್ ನಿಂಟೆಂಡೋ, ಅದ್ರಲ್ಲಿ ನೀರೊಳಗಿನ ಸ್ಟೇಜು, ಅಕ್ವಾಟಿಕ್ ಆಂಬಿಯನ್ಸ್, ಇಂಗ್ಲೆಂಡಿನ ಡೇವಿಡ್ ವೈಸ್ ಮಾಡಿದ್ದು. ಆ ಮಷೀನಲ್ಲಿ ಸೌಂಡ್ ಚಿಪ್ಪು ಸೋನಿದು, ಎಂಟು ಚಾನೆಲ್, ಆದ್ರೆ ಮೆಮೊರಿ ಬರೀ 64 ಕೆಬಿ. ಇವತ್ತು ವಾಟ್ಸಾಪಲ್ಲಿ ಬರೋ ಗುಡ್ ಮಾರ್ನಿಂಗ್ ಫೋಟೋ ಕೂಡ ಅದಕ್ಕಿಂತ ದೊಡ್ಡದಿರುತ್ತೆ. ಅಷ್ಟರಲ್ಲಿ ಒಂದು ಸಮುದ್ರಾನೇ ಕೂರ್ಸಿದಾರೆ. ಮುಳ್ಳಯ್ಯನಗಿರೀಲಿ ಬೆಳಗ್ಗೆ ಐದೂವರೆಗೆ ಮೋಡ ಕೆಳಗಿಂದ ಏರ್ತಾ ಇರುತ್ತಲ್ಲ, ನಾನು ಅಲ್ಲಿ ಕೂತು ಕೇಳಿದೀನಿ, ಆ ಮೋಡಕ್ಕೆ ಅಂತಾನೇ ಮಾಡಿದಂಗಿದೆ.

ಮಾರಿಯೋ ಫ್ಯಾನ್‌ಗಳಿಗೆ ಒಂದು ಖುಷಿ ವಿಷ್ಯ, 2023ರಲ್ಲಿ ಅಮೆರಿಕಾದ ಲೈಬ್ರರಿ ಆಫ್ ಕಾಂಗ್ರೆಸ್ಸು ಉಳಿಸ್ಕೋಬೇಕಾದ ಧ್ವನಿಮುದ್ರಣಗಳ ಪಟ್ಟೀಲಿ ಮಾರಿಯೋ ಟ್ಯೂನ್ ಸೇರಿಸ್ತು, ವಿಡಿಯೋ ಗೇಮ್ ಸಂಗೀತ ಆ ಪಟ್ಟಿಗೆ ಸೇರಿದ್ದು ಅದೇ ಮೊದಲು. ಇಡೀ ಗೇಮೇ 40 ಕೆಬಿ, ಅದ್ರಲ್ಲಿ ಸಂಗೀತದ್ದು ಒಂದು ಮೂಲೆ.

ವೀಣಾ_ಅರಕಲಗೂಡು

ಆದ್ರೆ ಅವರು ಉಳಿಸ್ಕೊಂಡಿದ್ದು 60ರ ಮಾರಿಯೋ. ನಮ್ಮ 50ರದ್ದು ಯಾರು ಉಳಿಸ್ತಾರೆ? ಹಾಸನ ಚಿಕ್ಕಮಗಳೂರಲ್ಲಿ ಒಂದು ತಲೆಮಾರು ಪೂರ್ತಿ ಕೇಳಿದ್ದು ಆ ನಿಧಾನದ್ದನ್ನ. ಅದನ್ನ ತಪ್ಪು ಅಂತ ಬಿಟ್ಟುಬಿಡೋಕೆ ನಂಗೆ ಮನಸ್ಸಿಲ್ಲ. ಒಂದೇ ಕೃತೀನ ಬೇರೆ ಬೇರೆ ಪಾಠಾಂತರದಲ್ಲಿ ಹಾಡ್ತೀವಿ, ಒಂದು ಸರಿ ಇನ್ನೊಂದು ತಪ್ಪು ಅಂತೀವಾ? ಯಾರ ಹತ್ರ ಆದ್ರೂ ಓಡೋ ಸೆಟ್ ಇದ್ರೆ ದಯವಿಟ್ಟು ರೆಕಾರ್ಡ್ ಮಾಡಿಡಿ.

ಸಾಲಗಾಮೆ_ರೋಡ್ (ಹಾಸನ)

ಅಕ್ಕ ನಿಮ್ಮ ಮಾತು ಓದಿ ನಿನ್ನೆ ಅಟ್ಟ ಹತ್ತಿದ್ದೆ. ಸೆಟ್ ಸಿಕ್ತು, ಅಮ್ಮ ಹಳೇ ಪಂಚೇಲಿ ಸುತ್ತಿಟ್ಟಿದ್ರು. ಅಡಾಪ್ಟರ್ ಹೋಗಿತ್ತು, ಅರಸೀಕೆರೆ ಅಣ್ಣಂಗೆ ಫೋಟೋ ಕಳ್ಸ್ದೆ, ಯಾವ್ದು ಹಾಕ್ಬೇಕು ಅಂತ ಹೇಳಿದ್ರು, ಹಾಕ್ದೆ. ಕ್ಯಾಸೆಟ್ ಮೊದಲ್ನೇ ಸಲ ಬರೀ ಬೂದಿ ಬಣ್ಣದ ಸ್ಕ್ರೀನ್ ಬಂತು, ತೆಗ್ದು ಊದೋಣ ಅಂತಿದ್ದೆ, ಬೇಡ ಬಾಯಿ ಪಸೆಗೆ ಪಿನ್ ಹಾಳಾಗುತ್ತೆ ಸ್ಪಿರಿಟಲ್ಲಿ ಒರೆಸಿ ಅಂದ್ರು, ಒರೆಸ್ದೆ, ಎರಡನೇ ಸಲಕ್ಕೆ ಬಂತು. ಪಕ್ಕದ ಮನೆಯವ್ರ ಹಳೇ ಡಬ್ಬ ಟಿವಿ ಇನ್ನೂ ಇತ್ತು, ಅದಕ್ಕೇ ಹಾಕಿದ್ದು.

ಮಗಳು ಸ್ಟಾಪ್‌ವಾಚ್ ಹಿಡ್ಕೊಂಡು ಕೂತಿದ್ಲು. ಯೂಟ್ಯೂಬಿನ ಒರಿಜಿನಲಲ್ಲಿ ಟ್ಯೂನು ಒಂದು ಸುತ್ತು ಮುಗಿಯೋ ಟೈಮು ಮೊದ್ಲೇ ಬರ್ಕೊಂಡಿದ್ಲು, ಆಮೇಲೆ ನಮ್ಮ ಸೆಟ್ಟಲ್ಲಿ ಅಳತೆ ಮಾಡಿದ್ಲು, ಭಾಗ್ಸಿ ನೋಡಿದ್ರೆ ಹೆಚ್ಚು ಕಮ್ಮಿ ಐದಕ್ಕೆ ಆರು. ಅರಸೀಕೆರೆ ಅಣ್ಣ ಹೇಳಿದ ಲೆಕ್ಕವೇ. ಆಮೇಲೆ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿದ್ವಿ, ಮೇಲಿಂದು, ನೆಲದಡೀದು, ನೀರೊಳಗಿಂದು, ಕೋಟೇದು. ಟೈಮ್ 100ಕ್ಕಿಂತ ಕಮ್ಮಿ ಆದಾಗ ಸ್ಪೀಡ್ ಆಗುತ್ತಲ್ಲ, ಅದನ್ನೂ ಬೇಕಂತ ನಿಂತ್ಕೊಂಡು ಮಾಡಿದ್ವಿ. ಮಧ್ಯದಲ್ಲಿ ಅಮ್ಮನ ಕುಕ್ಕರ್ ಕೂಗಿದ್ದು ಬಂದಿದೆ, ಅದನ್ನ ತೆಗೆಯಲ್ಲ.

ಪೆಂಗ್ವಿನ್ ಗೇಮು 38ನೇ ನಂಬರಲ್ಲಿದೆ, ಬೇಲೂರು ತಮ್ಮ, ನಿಮ್ಮಕ್ಕಂಗೆ ಅದನ್ನೂ ರೆಕಾರ್ಡ್ ಮಾಡಿ ಕಳಿಸ್ತೀನಿ. ಕಾಂಟ್ರಾ ನಮ್ಮ ಕ್ಯಾಸೆಟ್ಟಲ್ಲಿ ಇಲ್ಲ. ಮೂಡಿಗೆರೆ ಕಡೆಯಿಂದ ಯಾರಾದ್ರೂ ಹಾಸನಕ್ಕೆ ಬರೋರಿದ್ರೆ ಕ್ಯಾಸೆಟ್ ಇದ್ರೆ ತನ್ನಿ, ಭಾನುವಾರ ಮಧ್ಯಾಹ್ನ ಮನೇಲೇ ಇರ್ತೀವಿ.